ಸಂಪಾಜೆ ಘಾಟಿ: ಗಡಿ ಬಂದರೂ ಕಡಿಯದ ದಾರಿ

ಸುಳ್ಯದಿಂದ ಮಡಿಕೇರಿ ಕಡೆಗೆ ಹೊರಟರೆ ಅರಂತೋಡು, ಕಲ್ಲುಗುಂಡಿ ದಾಟಿ ಸಂಪಾಜೆ ಬರುತ್ತದೆ. ಪಯಸ್ವಿನಿ ಹೊಳೆ ರಸ್ತೆಗೆ ಜೊತೆಯಾಗಿ ಹರಿಯುತ್ತದೆ. ಅಡಿಕೆ, ರಬ್ಬರ್ ತೋಟಗಳು ಹಿಂದೆ ಸರಿದು, ಕೊಯನಾಡು, ದೇವರಕೊಲ್ಲಿ, ಜೋಡುಪಾಲ, ಮದೆನಾಡು ಎಂದು ಮೇಲೇರಿದಂತೆ ಕಾಡು, ಕಾಫಿ ತೋಟ, ಮಂಜು ಎದುರಾಗುತ್ತವೆ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗಿಂತ ಎತ್ತರದಲ್ಲಿದೆ.

ಸಂಪಾಜೆ ಎಂಬ ಗ್ರಾಮ ದಕ್ಷಿಣ ಕನ್ನಡದಲ್ಲೂ ಇದೆ, ಕೊಡಗಿನಲ್ಲೂ ಇದೆ. ನಡುವಿನ ಗಡಿಗೆ ಒಂದು ಚರಿತ್ರೆಯಿದೆ.

ಅಮರ ಸುಳ್ಯ, ಪುತ್ತೂರು ಸೀಮೆಗಳು ಹಿಂದೆ ಕೊಡಗಿನ ಅರಸರ ಆಳ್ವಿಕೆಯಲ್ಲಿದ್ದವು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದ ಈಸ್ಟ್ ಇಂಡಿಯಾ ಕಂಪನಿ, ಘಟ್ಟದ ಕೆಳಗಿನ ಈ ಸೀಮೆಗಳನ್ನು ಕೊಡಗಿನಿಂದ ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಿತು. ಬೆಳೆಯ ರೂಪದಲ್ಲಿ ಕಂದಾಯ ಸಲ್ಲಿಸುತ್ತಿದ್ದ ರೈತರು ಇನ್ನು ಮುಂದೆ ನಗದನ್ನೇ ಕೊಡಬೇಕಾಯಿತು. ಕೈಯಲ್ಲಿ ನಾಣ್ಯವಿಲ್ಲದವರು ಸಾಲಕ್ಕೆ ಬಿದ್ದರು. ಈ ಅಸಮಾಧಾನವೇ 1837ರಲ್ಲಿ ದಂಗೆಯಾಯಿತು. ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರ ಮುಂದಾಳತ್ವದಲ್ಲಿ ಹೊರಟ ರೈತರ ದಂಡು ಬೆಳ್ಳಾರೆ, ಪುತ್ತೂರು, ಬಂಟ್ವಾಳದ ಹಾದಿಯಾಗಿ ಏಪ್ರಿಲ್ 5ರಂದು ಮಂಗಳೂರನ್ನು ವಶಪಡಿಸಿಕೊಂಡಿತು. ಕಂಪನಿಯ ಸೇನೆ ಅದನ್ನು ಅಡಗಿಸಿ ಮುಂದಾಳುಗಳನ್ನು ಗಲ್ಲಿಗೇರಿಸಿತು. ‘ಕಲ್ಯಾಣಪ್ಪನ ಕಾಟಕಾಯಿ’ ಎಂದು ಹಗುರವಾಗಿ ಕರೆಯಲಾಗುತ್ತಿದ್ದ ಆ ಹೋರಾಟವನ್ನು ನಾವಿಂದು ಅಮರ ಸುಳ್ಯದ ಸ್ವಾತಂತ್ರ್ಯ ಸಂಗ್ರಾಮ ಎನ್ನುತ್ತೇವೆ.

ಗಡಿ ಹಾಗೆಯೇ ಉಳಿಯಿತು. ಆದರೆ ಘಾಟಿಯ ಎರಡೂ ಕಡೆ ಇಂದಿಗೂ ಅರೆಭಾಷೆ ಕೇಳಿಬರುತ್ತದೆ. ಮದುವೆ, ಜಾತ್ರೆ, ವ್ಯಾಪಾರ, ಆಸ್ಪತ್ರೆ ಎಂದು ಜನ ಇದೇ ರಸ್ತೆಯಲ್ಲಿ ಹತ್ತಿ ಇಳಿಯುತ್ತಾರೆ.

ಈ ರಸ್ತೆಯ ಬೆಲೆ ನಮಗೆ ಮತ್ತೆ ತಿಳಿದದ್ದು 2018ರ ಆಗಸ್ಟ್‌ನಲ್ಲಿ. ಜೋಡುಪಾಲ, ಮದೆನಾಡು ಭಾಗದಲ್ಲಿ ಗುಡ್ಡ ಜರಿದು ಮನೆಗಳು ಕೊಚ್ಚಿಹೋದವು, ಜೀವಗಳು ಹೋದವು, ರಸ್ತೆ ಕಡಿದುಹೋಯಿತು. ಅದೇ ಮಳೆಗೆ ಶಿರಾಡಿ ಘಾಟಿಯೂ ಮುಚ್ಚಿತು. ಮನೆ ಕಳೆದುಕೊಂಡ ಜೋಡುಪಾಲದವರು ಕೆಳಗಿಳಿದು ಸಂಪಾಜೆ, ಕಲ್ಲುಗುಂಡಿ, ಅರಂತೋಡಿನ ಪರಿಹಾರ ಕೇಂದ್ರಗಳಲ್ಲಿ ಆಶ್ರಯ ಪಡೆದರು. ಅನ್ನ ಬಡಿಸುವಾಗ ಅವರು ಯಾವ ಜಿಲ್ಲೆಯವರೆಂದು ಇಲ್ಲಿನವರು ಲೆಕ್ಕ ಹಾಕಲಿಲ್ಲ.

ಗುಡ್ಡವನ್ನು ನೇರವಾಗಿ ಕಡಿದು, ನೀರು ಹರಿಯುವ ಜಾಗವನ್ನು ಮುಚ್ಚಿದರೆ ಬರೆ ನಿಲ್ಲುವುದಿಲ್ಲ. ಮೇಲಿನ ಮಣ್ಣು ಸಡಿಲವಾದರೆ ಅದು ಕೆಸರಾಗಿ ಬರುವುದು ಕೆಳಗಿನ ನಮ್ಮ ಹೊಳೆಗೇ. ಸುವರ್ಣ ಮಹೋತ್ಸವದ ಈ ವರ್ಷ ನಮ್ಮ ಶಾಲೆಯ ಮಕ್ಕಳು ಪ್ರವಾಸಕ್ಕೆಂದು ಈ ಘಾಟಿ ಹತ್ತುವಾಗ, ತಿರುವುಗಳ ಜೊತೆಗೆ ಬರೆಯನ್ನೂ ಚರಂಡಿಯನ್ನೂ ನೋಡಲಿ. ದಾರಿ ಉಳಿಸಿಕೊಳ್ಳುವ ಕೆಲಸ ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಸೇರಿದ್ದು.