ಒಂದು ಸೂಜಿಯ ಎರಡು ಕಥೆ

ಗಗನಚುಕ್ಕಿಗೆ ಹತ್ತಿರದ ಹಳ್ಳಿ ನಮ್ಮದು. ಅಲ್ಲಿ ವೈದ್ಯವೆಂದರೆ ಸೂಜಿ. ಬರೀ ಮಾತ್ರೆ ಬರೆದುಕೊಟ್ಟ ಡಾಕ್ಟರನ್ನು ನಮ್ಮವರು ಅಷ್ಟಾಗಿ ನಂಬುವುದಿಲ್ಲ. ‘ಒಂದ್ ಸೂಜಿನೂ ಚುಚ್ನಿಲ್ಲ ಕನಪ್ಪ’ ಎಂದು ಗೊಣಗುತ್ತಲೇ ಬಸ್ಸು ಹತ್ತುತ್ತಾರೆ. ನನ್ನ ಸಂಶೋಧನೆ ಹಳೆಯ ಮೈಸೂರಿನ ವೈದ್ಯಕೀಯ ಚರಿತ್ರೆಯ ಕುರಿತದ್ದು. ಓದುತ್ತಾ ಹೋದಂತೆ ನಮ್ಮ ಬೀದಿಯ ಇಬ್ಬರು ಮತ್ತೆ ಮತ್ತೆ ಕಣ್ಣ ಮುಂದೆ ಬರುತ್ತಾರೆ.

ಒಬ್ಬರು ನನ್ನ ತಾತ. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಬಾಯಿ ಕ್ಯಾನ್ಸರಿನಿಂದ ತೀರಿಕೊಂಡರು. ಕೊನೆಯ ಎರಡು ತಿಂಗಳು ಅವರು ರಾತ್ರಿ ಮಲಗಿದ್ದನ್ನು ನಾನು ಕಾಣೆ. ಪಟ್ಟಣದ ಆಸ್ಪತ್ರೆಯಲ್ಲಿ ಅಪ್ಪ ಮಾರ್ಫಿನ್ ಕೇಳಿದಾಗ ‘ಅದನ್ನ ನಾವು ಇಡೋದಿಲ್ಲ, ಲೈಸೆನ್ಸಿನ ತಾಪತ್ರಯ’ ಎಂದರು. ಇನ್ನೊಬ್ಬರು ಎದುರು ಮನೆಯ ಕಾಂಪೌಂಡರ್ ಮಾವ. ಖಾಸಗಿ ನರ್ಸಿಂಗ್ ಹೋಮಿನಲ್ಲಿ ಕೆಲಸ. ಬೆನ್ನುನೋವಿಗೆಂದು ಚುಚ್ಚಿಕೊಂಡ ಪೆಂಟಝೋಸಿನ್ ಅವರನ್ನು ಬಿಡಲಿಲ್ಲ. ತೊಡೆ ಮರದಂತೆ ಗಟ್ಟಿಯಾಗಿ ಹುಣ್ಣಾಯಿತು, ಕೆಲಸ ಹೋಯಿತು. ಒಬ್ಬರಿಗೆ ಔಷಧಿ ಸಿಗಲಿಲ್ಲ, ಇನ್ನೊಬ್ಬರನ್ನು ಔಷಧಿಯೇ ಹಿಡಿದುಕೊಂಡಿತು. ಎರಡೂ ಒಂದೇ ಬೀದಿಯಲ್ಲಿ ನಡೆದದ್ದು ಹೇಗೆ?

ಅಫೀಮು ನಮಗೆ ಹೊರಗಿನದಲ್ಲ. ಗಸಗಸೆ ಪಾಯಸ ಕುಡಿದು ಹಬ್ಬದ ಮಧ್ಯಾಹ್ನ ಮಲಗುವವರು ನಾವು. ಅದೇ ಗಿಡದ ಬೀಜ ಅಡುಗೆಮನೆಗೆ ಬರುತ್ತದೆ, ಹಸಿ ಕಾಯಿಯನ್ನು ಗೀರಿದಾಗ ಒಸರುವ ಹಾಲು ಅಫೀಮಾಗುತ್ತದೆ. ಭೇದಿಗೆ, ಕೆಮ್ಮಿಗೆ, ನೋವಿಗೆ ಅದು ಮನೆಮದ್ದಾಗಿತ್ತು. ಮೈಸೂರು ಸಂಸ್ಥಾನದಲ್ಲೂ ಅಬಕಾರಿ ಇಲಾಖೆಯ ಲೈಸೆನ್ಸ್ ಪಡೆದ ಅಂಗಡಿಗಳಲ್ಲಿ ಮಾರಾಟವಾಗುತ್ತಿತ್ತು. ಅಫೀಮನ್ನು ನಿಷೇಧಿಸಬೇಕೇ ಎಂದು ವಿಚಾರಿಸಲು 1893ರಲ್ಲಿ ಬ್ರಿಟನ್ನು ರಾಯಲ್ ಆಯೋಗವೊಂದನ್ನು ನೇಮಿಸಿತು. ಅದು ಚಳಿಜ್ವರವನ್ನು ತಡೆಯುತ್ತದೆ ಎಂಬ ವಾದವೂ ಆಯೋಗದ ಮುಂದೆ ಬಂತು. 1895ರ ವರದಿ ನಿಷೇಧ ಬೇಡವೆಂದಿತು. ಅಫೀಮಿನಿಂದ ಬರುವ ವರಮಾನ ಸರ್ಕಾರಕ್ಕೆ ಸಣ್ಣದಾಗಿರಲಿಲ್ಲ ಎಂಬುದನ್ನೂ ಮರೆಯಬಾರದು.

ಆ ಹೊತ್ತಿಗೆ ಯುರೋಪಿನಲ್ಲಿ ಅಫೀಮು ರೂಪ ಬದಲಿಸಿತ್ತು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಜರ್ಮನಿಯ ಔಷಧಿಕಾರ ಸೆರ್ಟ್ಯೂರ್ನರ್ ಅದರಿಂದ ಮಾರ್ಫಿನ್ ಬೇರ್ಪಡಿಸಿದ. 1853ರ ಸುಮಾರಿಗೆ ಎಡಿನ್‌ಬರೊದ ಅಲೆಕ್ಸಾಂಡರ್ ವುಡ್ ಅದನ್ನು ಚರ್ಮದ ಕೆಳಗೆ ಚುಚ್ಚಲು ಸಿರಿಂಜು ಬಳಸಿದ. ಹೊಟ್ಟೆಗೆ ಹೋಗದೆ ನೇರ ನೋವಿನ ಜಾಗಕ್ಕೇ ಹೋದರೆ ಚಟ ಹತ್ತದು ಎಂಬ ನಂಬಿಕೆ ಆಗ ವೈದ್ಯರಲ್ಲಿ ಹರಡಿತ್ತು. ಆದದ್ದು ಬೇರೆ. ಸೂಜಿಯಿಂದ ಔಷಧಿ ಬೇಗ ಏರಿತು, ಚಟವೂ ಬೇಗ ಏರಿತು. ಮೊದಲು ಸಿಕ್ಕಿಬಿದ್ದವರಲ್ಲಿ ವೈದ್ಯರೇ ಬಹಳ ಮಂದಿ, ಏಕೆಂದರೆ ಸೂಜಿ ಇದ್ದದ್ದು ಅವರ ಕೈಯಲ್ಲೇ.

ಇದೇ ಕಥೆ ಮರುಕಳಿಸುತ್ತ ಬಂತು. 1898ರಲ್ಲಿ ಹೆರಾಯಿನ್ ಕೆಮ್ಮಿನ ಔಷಧಿಯಾಗಿ ಮಾರುಕಟ್ಟೆಗೆ ಬಂತು. 1930ರ ದಶಕದ ಕೊನೆಗೆ ಪೆಥಿಡಿನ್, 1967ರಲ್ಲಿ ಪೆಂಟಝೋಸಿನ್. ಪ್ರತಿ ಸಲವೂ ‘ಇದು ಹಿಂದಿನದರ ಹಾಗಲ್ಲ’ ಎಂಬ ಭರವಸೆ, ಪ್ರತಿ ಸಲವೂ ಕೆಲವೇ ವರ್ಷಗಳಲ್ಲಿ ಅದು ಸುಳ್ಳಾಯಿತು. ಕಾಂಪೌಂಡರ್ ಮಾವನ ಬೆನ್ನುನೋವಿನ ಹಿಂದೆ ನೂರು ವರ್ಷಕ್ಕೂ ಮೀರಿದ ಈ ಭರವಸೆಗಳ ಸಾಲಿದೆ. ಇದನ್ನು ತಿಳಿಯದೆ ನಾವು ಅವರನ್ನು ‘ಚಟಗಾರ’ ಎಂದೆವು.

ಹಾಗಾದರೆ ಪೂರ್ತಿ ನಿಷೇಧಿಸಿದರೆ ಆಯಿತಲ್ಲ? ತಾತನ ಕಥೆ ಬರುವುದು ಇಲ್ಲಿ. ಮಾದಕವಸ್ತು ಸಾಗಣೆಯನ್ನು ತಡೆಯಲು 1985ರಲ್ಲಿ ಎನ್‌ಡಿಪಿಎಸ್ ಕಾಯ್ದೆ ಬಂತು. ವೈದ್ಯಕೀಯ ಬಳಕೆಗೆ ಕಾಯ್ದೆಯಲ್ಲೇ ಅವಕಾಶವಿತ್ತು. ಆದರೆ ಮಾರ್ಫಿನ್ ತರಿಸಲು ಆಸ್ಪತ್ರೆಗಳು ಒಂದರ ಮೇಲೊಂದು ಪರವಾನಗಿ ಪಡೆಯಬೇಕಿತ್ತು. ತಪ್ಪಿದರೆ ಹತ್ತು ವರ್ಷದ ಜೈಲಿನ ಭಯ. ಆ ಭಯಕ್ಕೆ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 1997ರ ವೇಳೆಗೆ ದೇಶದಲ್ಲಿ ಮಾರ್ಫಿನ್ ಬಳಕೆ ಶೇ. 97ರಷ್ಟು ಕುಸಿದು ವರ್ಷಕ್ಕೆ ಸುಮಾರು 18 ಕಿಲೋಗೆ ಇಳಿದಿತ್ತು. ಕ್ಯಾನ್ಸರ್ ನೋವಿಗೆ ಮಾರ್ಫಿನ್ನನ್ನು ಬಾಯಿಯ ಮೂಲಕ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿತ್ತು. ತಾತನಿಗೆ ಬೇಕಿದ್ದದ್ದು ಸೂಜಿಯೂ ಅಲ್ಲ, ಅಗ್ಗದ ಒಂದು ಮಾತ್ರೆ.

ಇನ್ನೂ ಕಹಿಯಾದ ಸಂಗತಿಯೆಂದರೆ, ಔಷಧಿಗಾಗಿ ಕಾನೂನುಬದ್ಧವಾಗಿ ಅಫೀಮು ರಫ್ತು ಮಾಡುವ ಪ್ರಮುಖ ದೇಶ ನಮ್ಮದೇ. ಮಧ್ಯಪ್ರದೇಶ, ರಾಜಸ್ಥಾನದ ರೈತರು ಸರ್ಕಾರದ ಲೈಸೆನ್ಸ್ ಪಡೆದು ಬೆಳೆದದ್ದು ದೂರದ ದೇಶಗಳ ರೋಗಿಗಳ ನೋವನ್ನು ನೀಗುತ್ತಿತ್ತು. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮೂರ ಪಕ್ಕದ ಬ್ಲಫ್. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕನಸಿನ ಶಿವನಸಮುದ್ರ ವಿದ್ಯುದಾಗಾರ 1902ರ ಜೂನ್ 30ರಂದು ಶುರುವಾಯಿತು. ಕರೆಂಟು ಹೋದದ್ದು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿಗೆ 1905ರಲ್ಲಿ ದೀಪ ಬಂತು. ತಂತಿಯ ಕೆಳಗಿನ ಹಳ್ಳಿಗಳು ಮಾತ್ರ ಬಹಳ ಕಾಲ ಸೀಮೆಎಣ್ಣೆ ಬುಡ್ಡಿಯಲ್ಲೇ ಉಳಿದವು. ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತು ನಮ್ಮ ಕಡೆಯವರಿಗೆ ಬರೀ ಗಾದೆಯಲ್ಲ.

2014ರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು. ಮಾರ್ಫಿನ್ ಸೇರಿದಂತೆ ಕೆಲವು ಔಷಧಿಗಳನ್ನು ‘ಅಗತ್ಯ ಮಾದಕ ಔಷಧಿ’ ಎಂದು ಗುರುತಿಸಿ, ಮಾನ್ಯತೆ ಪಡೆದ ಆಸ್ಪತ್ರೆಗಳಿಗೆ ಹಲವು ಪರವಾನಗಿಗಳ ಓಡಾಟವನ್ನು ತಪ್ಪಿಸಲಾಯಿತು. ತಾತ ಅದಕ್ಕೆ ಕಾಯಲಿಲ್ಲ. ಕಾನೂನು ಬದಲಾದರೂ ಭಯ ಬೇಗ ಬದಲಾಗುವುದಿಲ್ಲ. ಮಾರ್ಫಿನ್ ಅಂದರೆ ಈಗಲೂ ಕೆಲವು ವೈದ್ಯರು ಹಿಂಜರಿಯುತ್ತಾರೆ, ಮನೆಯವರು ‘ಚಟ ಹತ್ತೀತು’ ಎನ್ನುತ್ತಾರೆ. ಸಾಯುತ್ತಿರುವವರಿಗೆ ಚಟದ ಭಯ!

ಇನ್ನೊಂದು ಕಡೆಯೂ ಸುಳ್ಳಲ್ಲ. 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸೂಜಿಯಿಂದ ಮಾದಕವಸ್ತು ಚುಚ್ಚಿಕೊಳ್ಳುವವರು ಸುಮಾರು 8.5 ಲಕ್ಷ. ಹಂಚಿಕೊಂಡ ಸೂಜಿಯಿಂದ ಎಚ್‌ಐವಿ, ಹೆಪಟೈಟಿಸ್ ಹರಡುತ್ತವೆ. ಅವರ ಚಿಕಿತ್ಸೆಗೆ ನಾಲಿಗೆಯ ಕೆಳಗಿಡುವ ಬ್ಯೂಪ್ರಿನಾರ್ಫಿನ್ ಮಾತ್ರೆ ಕೊಡುತ್ತಾರೆ. ಅದೂ ಅಫೀಮಿನ ವಂಶದ್ದೇ. ಆದರೆ ಅಳತೆಯಲ್ಲಿ, ಕಣ್ಗಾವಲಿನಲ್ಲಿ ಕೊಟ್ಟಾಗ ಅದು ಮನುಷ್ಯನನ್ನು ಸೂಜಿಯಿಂದ ಬಿಡಿಸುತ್ತದೆ.

ಕಾಂಪೌಂಡರ್ ಮಾವ ಆ ಮಾತ್ರೆಯ ನೆರವಿನಿಂದ ಈಗ ಚೇತರಿಸಿಕೊಂಡಿದ್ದಾರೆ. ಹೋದ ಯುಗಾದಿಗೆ ಊರಿಗೆ ಹೋದಾಗ ಜಗುಲಿಯ ಮೇಲೆ ಕೂತು ನನ್ನ ಓದಿನ ವಿಷಯ ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಿಮ್ ತಾತ ನರಳ್ತಿದ್ದಾಗ ನನ್ ಪೆಟ್ಟಿಗೇಲಿ ಸೂಜಿ ಇತ್ತು ಕನ್ ಮಗ. ಕೊಡಕೆ ಭಯ ಆಯ್ತು’ ಎಂದರು. ನಾನು ಏನೂ ಹೇಳಲಿಲ್ಲ. ಭಯಪಟ್ಟವರು ಅವರೊಬ್ಬರೇ ಆಗಿರಲಿಲ್ಲ.