ಚಿತ್ರಪಟದ ಮೋಟಾರೂ ಶಿರಾ ಹೆದ್ದಾರಿಯೂ

1968ರಲ್ಲಿ ಹೊರಬಿದ್ದ ‘ಬುಲ್ಲಿಟ್’ ಎಂಬ ಅಮೆರಿಕದ ಚಿತ್ರದಲ್ಲಿ ಎಂಟು ಸಿಲಿಂಡರುಗಳ ಮಸ್ಟಾಂಗ್ ಮೋಟಾರು ಸ್ಯಾನ್ ಫ್ರಾನ್ಸಿಸ್ಕೋ ನಗರದ ಇಳಿಜಾರುಗಳಲ್ಲಿ ಸುಮಾರು 10 ನಿಮಿಷ ಧಾವಿಸಿತು. ಕಣ್ಣಿಗೇನೋ ಹಬ್ಬವೇ ಸರಿ. ಅದೇ ವರ್ಷ ದೊರೈ–ಭಗವಾನರ ‘ಜೇಡರ ಬಲೆ’ಯು ಪತ್ತೇದಾರಿ ಚಿತ್ರದ ರುಚಿಯನ್ನು ಕನ್ನಡಿಗರಿಗೆ ಹತ್ತಿಸಿತು.

ವೇಗವನ್ನು ವಿನೋದವೆಂದೆಣಿಸದೆ ಅಪರಾಧವೆಂದು ತೋರಿದ ಕೃತಿ ಶಂಕರ್ ನಾಗರ ‘ಆಕ್ಸಿಡೆಂಟ್’ (1985). ಅಮಲೇರಿದ ರಾಜಕಾರಣಿಯ ಪುತ್ರನೊಬ್ಬನ ಕಾರು ಹಾದಿಬದಿಯಲ್ಲಿ ಮಲಗಿದ್ದ ಬಡವರ ಮೇಲೆ ಹರಿಯುವುದೇ ಅದರ ಕಥಾಬೀಜ. ಅದಕ್ಕೆ ರಾಷ್ಟ್ರಪ್ರಶಸ್ತಿಯೂ ದೊರೆಯಿತು.

ಬೆಂಗಳೂರಿನಿಂದ ತುಮಕೂರು, ಶಿರಾ, ಚಿತ್ರದುರ್ಗಗಳ ಮಾರ್ಗವಾಗಿ ದಾವಣಗೆರೆಗೆ ಸಾಗುವ ಹೆದ್ದಾರಿಯಲ್ಲಿ, ಆನಗೋಡಿನ ಸಮೀಪ, 1990ನೆಯ ಸೆಪ್ಟೆಂಬರ್ 30ರಂದು ಕಾರಿನ ಅಪಘಾತದಿಂದಲೇ ಆ ನಿರ್ದೇಶಕರು ಅಸುನೀಗಿದರು. ಅವರಿಗಾಗ 36 ವರ್ಷಗಳೂ ತುಂಬಿರಲಿಲ್ಲ.