ಆತಕೂರಿನ ಕಾಳಿಯೂ ಕ್ವಾರ್ಟರ್ಸಿನ ಮುದಿ ನಾಯಿಯೂ

ಕೆಲವು ವರ್ಷಗಳ ಹಿಂದೆ, ಒಂದು ಮೇ ತಿಂಗಳಲ್ಲಿ, ನಮ್ಮ ಕ್ವಾರ್ಟರ್ಸಿನ ಮೂರನೆಯ ಮಹಡಿಯ ಸಂಸಾರವೊಂದಕ್ಕೆ ದೂರದ ಊರಿಗೆ ವರ್ಗವಾಯಿತು. ಲಾರಿ ಬಂದಿತು, ಸಾಮಾನು ಏರಿತು, ಮಕ್ಕಳ ಶಾಲೆಯ ಟಿ.ಸಿ.ಯೂ ಕೈಗೆ ಬಂದಿತು. ಹತ್ತು ವರ್ಷ ಆ ಮನೆಯ ಅನ್ನ ತಿಂದಿದ್ದ ನಾಯಿಯನ್ನು ಮಾತ್ರ ಕಾವಲುಗಾರನಿಗೆ ಒಪ್ಪಿಸಿ, ಎರಡು ತಿಂಗಳ ಖರ್ಚು ಕೊಟ್ಟು, ಅವರು ರೈಲು ಹತ್ತಿದರು. ನಾಯಿಗೆ ಈ ಏರ್ಪಾಡು ತಿಳಿಯಲಿಲ್ಲ. ಬೀಗ ಹಾಕಿದ ಬಾಗಿಲ ಮುಂದೆ ಅದು ನಾಲ್ಕು ದಿನ ಮಲಗಿತ್ತು. ನಮ್ಮ ಮನೆಯಲ್ಲಿ ಮೊಸರನ್ನ ಕಲಸಿ ಇಟ್ಟರೆ ಮೂಸಿ ನೋಡಿ ಮುಖ ತಿರುಗಿಸುತ್ತಿತ್ತು.

ಆ ಸಂಸಾರವನ್ನು ದೂಷಿಸಲು ನಾವು ಇದನ್ನು ಬರೆಯುತ್ತಿಲ್ಲ. ವರ್ಗವೆಂದರೆ ಏನು, ಪರಊರಿನಲ್ಲಿ ಬಾಡಿಗೆ ಮನೆ ಹುಡುಕುವುದೆಂದರೆ ಏನು ಎಂಬುದು ಊರು ಬಿಟ್ಟು ಬಂದ ನಮಗೆಲ್ಲ ಗೊತ್ತು. ಆದರೆ ಆ ನಾಲ್ಕು ದಿನ ನಮ್ಮನ್ನು ಒಂದು ಪ್ರಶ್ನೆ ಕಾಡಿತು. ಮನೆ ತಪ್ಪಿದ ಮುದಿ ನಾಯಿಗೆ ಇನ್ನೊಂದು ಮನೆ ಹುಡುಕಿಕೊಡುವುದು ಯಾರ ಕೆಲಸ? ಹಿಂದಿನವರು ಇದಕ್ಕೆ ಏನು ಮಾಡಿದರು? ಕನ್ನಡದಲ್ಲಿ ಮನುಷ್ಯನ ಕಷ್ಟವನ್ನು 'ನಾಯಿಪಾಡು' ಎನ್ನುತ್ತೇವೆ. ನಾಯಿಯ ಪಾಡಿಗೂ ಒಂದು ಚರಿತ್ರೆ ಇದೆಯೆಂದು ಹುಡುಕಿ ನೋಡಿದ ಮೇಲೆ ತಿಳಿಯಿತು.

ಕೈ ಬದಲಾದ ನಾಯಿಗೆ ದೊಡ್ಡ ಗೌರವ ಸಂದ ನಿದರ್ಶನವೊಂದು ನಮ್ಮ ನಾಡಿನಲ್ಲೇ ಇದೆ. ಕ್ರಿ.ಶ. 949ರ ಸುಮಾರಿಗೆ ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ಯುದ್ಧವಾಯಿತು. ಕೃಷ್ಣನ ಪಕ್ಷದಲ್ಲಿ ಗಂಗರ ಇಮ್ಮಡಿ ಬೂತುಗನಿದ್ದನು. ಬೂತುಗನ ಕೈಕೆಳಗೆ ಮಣಲೆರನೆಂಬ ವೀರನಿದ್ದನು. ಅವನ ಪರಾಕ್ರಮಕ್ಕೆ ಮೆಚ್ಚಿದ ಬೂತುಗ, ಬೇಕಾದುದನ್ನು ಬೇಡೆಂದಾಗ ಮಣಲೆರ ಕೇಳಿದ್ದು ಅರಸನ ಕಾಳಿಯೆಂಬ ನಾಯಿಯನ್ನು. ಆ ಕಾಳಿ ಬೆಳತೂರಿನ ಪಡುವಣ ಗುಡ್ಡದಲ್ಲಿ ದೊಡ್ಡ ಹಂದಿಯೊಡನೆ ಹೋರಾಡಿತು; ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಮದ್ದೂರಿನ ಬಳಿಯ ಆತಕೂರಿನಲ್ಲಿ ಚಲ್ಲೇಶ್ವರನ ಗುಡಿಯ ಮುಂದೆ ಅದರ ನೆನಪಿಗೆ ಕಲ್ಲು ನಿಂತಿತು. ಕಲ್ಲಿನ ಪೂಜೆಗೆಂದು ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ಬಿಟ್ಟರು. ಗುಡಿಯ ಗೊರವನು ಆ ಕಲ್ಲನ್ನು ಪೂಜಿಸದೆ ಉಣ್ಣಕೂಡದೆಂದೂ ಬರೆಸಿದರು. ಕಲ್ಲನ್ನು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ನಾಯಿಯೂ ಹಂದಿಯೂ ಸೆಣಸುವ ಚಿತ್ರ ಅದರ ಮೇಲಿದೆ.

ಕಾಳಿ ಬೇಟೆಯ ನಾಯಿ, ಅರಸನ ಕೊಡುಗೆ. ಕೆಲಸಕ್ಕೆ ಬಾರದ ನಾಯಿಗೆ ಯಾರು ಕಲ್ಲು ನಿಲ್ಲಿಸಿಯಾರು ಎಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ಸುಮಾರು ಒಂಬತ್ತು ಶತಮಾನ ದಾಟಿ ನಮ್ಮ ಈ ಮುಂಬಯಿಗೇ ಬರಬೇಕು.

ಅಂದಿನ ಬೊಂಬಾಯಿಯ ಕೋಟೆಯೊಳಗೆ ಬಿಡಾಡಿ ನಾಯಿಗಳನ್ನು ಬೇಸಿಗೆಯ ದಿನಗಳಲ್ಲಿ ಕೊಲ್ಲಬಹುದೆಂದು ಕಂಪೆನಿ ಸರಕಾರ 1813ರಲ್ಲಿಯೇ ಕಟ್ಟಳೆ ಮಾಡಿತ್ತು. ಹುಚ್ಚುನಾಯಿಯ ಭಯ ಸುಳ್ಳಲ್ಲ. ಪಾಸ್ಚರನ ಲಸಿಕೆ ಬಂದದ್ದು 1885ರಲ್ಲಿ. ಅದಕ್ಕೆ ಮೊದಲು ಕಡಿಸಿಕೊಂಡು ರೋಗ ತಗುಲಿದವನಿಗೆ ಉಳಿಗಾಲವಿರಲಿಲ್ಲ. ಆದರೆ ಕೊಂದ ಪ್ರತಿ ನಾಯಿಗೆ ಎಂಟಾಣೆ ಇನಾಮು ಇದ್ದುದರಿಂದ ಹಿಡಿಯುವವರಿಗೆ ಬೀದಿನಾಯಿಯೂ ಸಾಕಿದ ನಾಯಿಯೂ ಒಂದೇ ಆದವು. ಮನೆಯಂಗಳಕ್ಕೆ ನುಗ್ಗಿ ಹಿಡಿದೊಯ್ಯುವುದು ನಡೆಯಿತು. 1832ರಲ್ಲಿ ಕೊಲ್ಲುವ ಅವಧಿಯನ್ನೂ ಮುಂದುವರಿಸಿದರು. ಆ ವರ್ಷದ ಜೂನ್ 6, ಪಾರ್ಸಿಗಳ ಪವಿತ್ರ ದಿನ. ಅಂದು ಜನ ನಾಯಿ ಹಿಡಿಯುವವರ ಮೇಲೆ ಬಿದ್ದರು. ಮರುದಿನ ಅಂಗಡಿ ಬಾಗಿಲು ಮುಚ್ಚಿತು, ಕೋಟೆಯ ಸಿಪಾಯಿಗಳಿಗೆ ಹೋಗಬೇಕಾದ ದಿನಸಿ ನಿಂತಿತು. ಪಾರ್ಸಿಗಳ ಜೊತೆಗೆ ಹಿಂದೂಗಳೂ ಜೈನರೂ ಮುಸಲ್ಮಾನರೂ ಸೇರಿದ್ದರೆಂಬುದು ಗಮನಿಸತಕ್ಕ ಸಂಗತಿ.

ಪಾರ್ಸಿಗಳಿಗೆ ನಾಯಿ ಬರಿಯ ಕಾವಲಿನ ಪ್ರಾಣಿಯಲ್ಲ. ಸತ್ತವರ ದೇಹವನ್ನು ನಾಯಿಯ ಕಣ್ಣಿಗೆ ತೋರಿಸುವ 'ಸಗ್‌ದೀದ್' ಎಂಬ ವಿಧಿ ಅವರ ಅಂತ್ಯಕ್ರಿಯೆಯ ಅಂಗ. ನಮಗೂ ಧರ್ಮರಾಯನ ಹಿಂದೆ ಸ್ವರ್ಗದ ಬಾಗಿಲವರೆಗೆ ನಡೆದ ನಾಯಿಯ ಕಥೆ ಹೊಸದಲ್ಲವಷ್ಟೆ.

ಗಲಭೆಯಾಗಿ ಎರಡು ವರ್ಷಕ್ಕೆ, 1834ರಲ್ಲಿ, ಪಾರ್ಸಿ ವರ್ತಕ ಜಮ್ಶೇಟ್‌ಜೀ ಜೀಜೀಭಾಯಿಯವರೂ ಜೈನ ವರ್ತಕ ಸೇಠ್ ಮೋತಿಶಾರವರೂ ಮುಂದಾಗಿ ಪಾಂಜರಾಪೋಳವನ್ನು ಸ್ಥಾಪಿಸಿದರು. ಭೂಲೇಶ್ವರದ ಗಲ್ಲಿಗಳಲ್ಲಿ ಓಡಾಡಿದವರಿಗೆಲ್ಲ ಈ ಹೆಸರು ಪರಿಚಿತ. ಚಾಮುಂಡಿಬೆಟ್ಟದ ತಪ್ಪಲಿನ ಮೈಸೂರಿನ ಪಿಂಜರಾಪೋಲ್ ಕೂಡ ಇದೇ ಜಾತಿಯ ಸಂಸ್ಥೆ. ಇದರ ನೀತಿ ಸರಳ. ಉಪಯೋಗ ಉಂಟೋ ಇಲ್ಲವೋ ಎಂದು ಕೇಳುವಂತಿಲ್ಲ. ಬಂದ ಪ್ರಾಣಿಗೆ ಸಾಯುವವರೆಗೂ ನೆಲೆ. ಮುದಿ ಪ್ರಾಣಿಗೆ ಇದಕ್ಕಿಂತ ದೊಡ್ಡ ಭರವಸೆ ಬೇಕೇ? ಆದರೆ ನಾಯಿಯ ಸ್ವಭಾವ ಬೇರೆ. ಹಸುವಿಗೆ ಹುಲ್ಲು, ನೆರಳು, ಜೊತೆಗೆ ನಾಲ್ಕು ಹಸು ಇದ್ದರೆ ಕಾಲ ಕಳೆಯುತ್ತದೆ. ಮನೆಯಲ್ಲಿ ಬೆಳೆದ ನಾಯಿಗೆ ಅನ್ನದಷ್ಟೇ ಆಳೂ ಬೇಕು, ಹೊಸ್ತಿಲೂ ಬೇಕು. ಪಾಂಜರಾಪೋಳ ನೆಲೆ ಕೊಟ್ಟಿತು. ಮನೆ ಕೊಡುವುದು ಅದರ ಉದ್ದೇಶವಾಗಿರಲಿಲ್ಲ.

ಮನೆ ಕೊಡುವ ಆಲೋಚನೆ ಮೊಳೆತದ್ದು ಲಂಡನಿನಲ್ಲಿ. 1860ರಲ್ಲಿ ಮೇರಿ ಟೀಲ್ಬಿ ಎಂಬ ಮಹಿಳೆ ಹಾಲೋವೇ ಎಂಬಲ್ಲಿ ಕುದುರೆಲಾಯದ ಅಂಗಳದಲ್ಲಿ, ಕಳೆದುಹೋದ ಹಾಗೂ ಹಸಿದ ನಾಯಿಗಳಿಗೆಂದು ಒಂದು ತಂಗುದಾಣ ತೆರೆದಳು. ಮನುಷ್ಯರಿಗೇ ಮನೆಯಿಲ್ಲದಾಗ ನಾಯಿಗಳಿಗೇಕೆ ಎಂದು ಪತ್ರಿಕೆಗಳು ಗೇಲಿ ಮಾಡಿದವು. ಈ ಪ್ರಶ್ನೆ ಇಂದಿಗೂ ಹಳತಾಗಿಲ್ಲ! 1862ರಲ್ಲಿ ಚಾರ್ಲ್ಸ್ ಡಿಕನ್ಸರು ನಡೆಸುತ್ತಿದ್ದ ಪತ್ರಿಕೆಯಲ್ಲಿ, ಶ್ರೀಮಂತರ ನಾಯಿಗಳ ಪ್ರದರ್ಶನವನ್ನೂ ಈ ಬಡ ನಾಯಿಗಳ ತಂಗುದಾಣವನ್ನೂ ಎದುರುಬದುರು ಇಟ್ಟು ಬರೆದ ಲೇಖನ ಬಂದ ಮೇಲೆ ಜನರ ದೃಷ್ಟಿ ಬದಲಾಯಿತು. 1871ರಲ್ಲಿ ಸಂಸ್ಥೆ ಬ್ಯಾಟರ್‌ಸೀಗೆ ಸ್ಥಳಾಂತರವಾಗಿ ಜಗತ್ಪ್ರಸಿದ್ಧವಾಯಿತು. ಯಜಮಾನ ಬಂದರೆ ಅವನಿಗೆ, ಬಾರದಿದ್ದರೆ ಹೊಸ ಮನೆಗೆ ನಾಯಿಯನ್ನು ಕೊಡುವ ಪದ್ಧತಿ ಅಲ್ಲಿ ಬೆಳೆಯಿತು.

ಆದರೆ ಊರಿನ ಪೋಲೀಸರು ಹಿಡಿದು ತರುವ ನಾಯಿಗಳಿಗೆ ಲೆಕ್ಕವಿರಲಿಲ್ಲ, ಜಾಗವಾದರೋ ಅಷ್ಟೇ. ಕೆಲವೇ ದಿನಗಳ ಗಡುವು. ಯಾರೂ ಕೇಳದೆ ಉಳಿದವುಗಳಿಗಾಗಿ 1884ರಲ್ಲಿ ವೈದ್ಯ ಬೆಂಜಮಿನ್ ವಾರ್ಡ್ ರಿಚರ್ಡ್‌ಸನ್ ಅಲ್ಲಿ ವಿಷಾನಿಲದ ಕೋಣೆಯೊಂದನ್ನು ಸಿದ್ಧಪಡಿಸಿದರು. ನೋವಿಲ್ಲದ ಸಾವು ಕೊಡಬೇಕೆಂಬುದು ಅವರ ಉದ್ದೇಶ, ಅದು ದಯೆಯೇ. ಆದರೂ ಆ ಕೋಣೆಗೆ ಮೊದಲು ಹೋಗುವವು ಯಾವುವೆಂದು ಹೇಳಬೇಕಾಗಿಲ್ಲ. ಚಂದದ ಮರಿಯನ್ನು ಎತ್ತಿಕೊಂಡು ಹೋಗುವವರಿದ್ದಾರೆ. ಮೂತಿ ನರೆತ ನಾಯಿಯನ್ನು ಕೇಳುವವರಿಲ್ಲ.

ಹೀಗೆ ಒಂದೇ ಶತಮಾನದಲ್ಲಿ ಎರಡು ದಾರಿಗಳು ಕಂಡವು. ಬೊಂಬಾಯಿಯದು ಕೊನೆಯವರೆಗೆ ಕಾಯುವ ದಾರಿ, ಅಲ್ಲಿ ಮನೆಯಿಲ್ಲ. ಲಂಡನಿನದು ಮನೆ ಹುಡುಕುವ ದಾರಿ. ಅಲ್ಲಿ ಕಾಯುವ ತಾಳ್ಮೆಯಿಲ್ಲ. ಮುದಿ ನಾಯಿಗೆ ಎರಡೂ ಬೇಕು. ಎರಡರ ನಡುವಿನ ಸಂದಿಯಲ್ಲಿ ಅದು ಬಿದ್ದುಹೋಯಿತು.

ನಮ್ಮ ಕಾನೂನಿನಲ್ಲಿಯೂ ಈ ಇಬ್ಬಗೆ ಉಳಿದಿದೆ. ನೃತ್ಯ ಕಲಾವಿದೆ ರುಕ್ಮಿಣಿದೇವಿ ಅರುಂಡೇಲರು ರಾಜ್ಯಸಭೆಯಲ್ಲಿ ಹಟ ಹಿಡಿದು ಹೋರಾಡಿದ್ದರ ಫಲವಾಗಿ 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯಿದೆ ಬಂದಿತು. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಗುರಿಯಾಗುವಂತೆ ಕಾರಣವಿಲ್ಲದೆ ಬಿಟ್ಟುಹೋಗುವುದು ಅದರ 11ನೆಯ ಸೆಕ್ಷನ್ನಿನಂತೆ ಅಪರಾಧ. ಮೊದಲ ತಪ್ಪಿಗೆ ಗೊತ್ತುಮಾಡಿದ ದಂಡ ಮಾತ್ರ ಐವತ್ತು ರೂಪಾಯಿ ಮೀರದು. ಅದೇ ಸೆಕ್ಷನ್ನಿನಲ್ಲಿ ಮುಂದೆ ಓದಿದರೆ, ಬಿಡಾಡಿ ನಾಯಿಗಳನ್ನು ಮಾರಕ ಕೋಣೆಗಳಲ್ಲಿ ಕೊಲ್ಲುವುದಕ್ಕೆ ವಿನಾಯಿತಿ ಇದೆ. ಲಂಡನಿನ ಆ ಕೋಣೆ ಹೀಗೆ ಕಾಗದದ ಮೂಲಕ ನಮ್ಮಲ್ಲಿಗೂ ಬಂದಿತ್ತು! ಮುಂಬಯಿ ನಗರಸಭೆ ನಾಯಿಗಳನ್ನು ಕೊಲ್ಲುವುದು 1990ರ ದಶಕದವರೆಗೂ ನಡೆದಿತ್ತು. 2001ರ ನಿಯಮಗಳು ಬಂದ ಮೇಲೆ, ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡುವುದು ದೇಶಕ್ಕೆಲ್ಲ ಕ್ರಮವಾಯಿತು. 2025ರ ಆಗಸ್ಟ್ 11ರಂದು ದಿಲ್ಲಿಯ ಬೀದಿನಾಯಿಗಳನ್ನೆಲ್ಲ ಆಶ್ರಯತಾಣಗಳಿಗೆ ಸಾಗಿಸಲು ಆಜ್ಞಾಪಿಸಿದ್ದ ಸುಪ್ರೀಂ ಕೋರ್ಟು, ಅದೇ 22ರಂದು ಅದನ್ನು ಮಾರ್ಪಡಿಸಿತು. ಇಷ್ಟಪಟ್ಟವರು ಅರ್ಜಿ ಕೊಟ್ಟು ಬೀದಿನಾಯಿಯನ್ನು ದತ್ತು ಪಡೆಯಬಹುದು, ಆದರೆ ಅದು ಮತ್ತೆ ಬೀದಿಗೆ ಬರಕೂಡದು ಎಂಬ ಮಾತೂ ಆ ಎರಡನೆಯ ಆಜ್ಞೆಯಲ್ಲಿತ್ತು. ಈ ಷರತ್ತು ನಮಗೆ ಬಹಳ ಹಿಡಿಸಿತು. ದತ್ತು ಎಂದರೆ ಕೊನೆಯವರೆಗೆ ಎಂದರ್ಥ.

ಎರಡು ದಾರಿಗಳನ್ನು ಕೂಡಿಸುವ ಯತ್ನವೂ ನಮ್ಮ ಕಾಲದಲ್ಲಿ ನಡೆದಿದೆ. ಅಮೆರಿಕದ ಸಾನ್‌ಫ್ರಾನ್ಸಿಸ್ಕೋದಲ್ಲಿ 2007ರಲ್ಲಿ ಆರಂಭವಾದ ಮಟ್‌ವಿಲ್ ಎಂಬ ಸಂಸ್ಥೆ ಏಳು ವರ್ಷಕ್ಕೆ ಮೇಲ್ಪಟ್ಟ ನಾಯಿಗಳಿಗೇ ಮೀಸಲು. ಅವುಗಳಿಗೆ ಮನೆ ಹುಡುಕುವುದು ಅದರ ಮುಖ್ಯ ಕೆಲಸ. ವಯಸ್ಸಾದ ಜನರಿಗೆ ವಯಸ್ಸಾದ ನಾಯಿಯನ್ನು ಜೋಡಿಸುವುದೂ ಉಂಟು. ಬಹಳ ದಿನ ಬದುಕದ ನಾಯಿಯನ್ನು ಯಾರಾದರೂ ಮನೆಯಲ್ಲಿಟ್ಟುಕೊಂಡು ನೋಡಿಕೊಂಡರೆ ಔಷಧದ ಖರ್ಚನ್ನು ಸಂಸ್ಥೆ ವಹಿಸುತ್ತದೆ.

ಏಳು ವರ್ಷವೆಂದರೆ ಮುಪ್ಪೇ ಎಂದು ಕೇಳಬಹುದು. ದೊಡ್ಡ ಗಾತ್ರದ ತಳಿಗಳಿಗೆ ಮುಪ್ಪು ಬೇಗ; ಪುಟ್ಟ ತಳಿಗಳಿಗೆ ಅದು ನಡುವಯಸ್ಸು, ಮುಂದೆ ಇನ್ನೂ ಏಳೆಂಟು ವರ್ಷ ಬಾಳಬಲ್ಲವು. ವಯಸ್ಸಾದ ನಾಯಿ ಚಪ್ಪಲಿ ಕಚ್ಚುವುದು ಕಡಿಮೆ. ಅದರ ಗುಣ ಏನೆಂದು ಮೊದಲ ದಿನವೇ ಕಾಣುತ್ತದೆ. ಮರಿ ಬೆಳೆದು ಏನಾಗುವುದೋ ಯಾರು ಬಲ್ಲರು? ಆದರೆ ಹಲ್ಲು, ಕೀಲು, ಕಣ್ಣಿನ ಪೊರೆ, ಮೂತ್ರಪಿಂಡ ಇವುಗಳ ತೊಂದರೆಯನ್ನು ಮುಚ್ಚಿಡದೆ ಹೇಳಿಯೇ ಕೊಡಬೇಕು. ಮುಚ್ಚಿಟ್ಟು ಕೊಟ್ಟ ನಾಯಿ ತಿಂಗಳೊಳಗೆ ಹಿಂದಕ್ಕೆ ಬರುತ್ತದೆ, ಎರಡನೆಯ ಸಲ ಮನೆ ಕಳೆದುಕೊಳ್ಳುತ್ತದೆ.

ನಮ್ಮ ಕ್ವಾರ್ಟರ್ಸಿನ ನಾಯಿಯ ವಿಷಯಕ್ಕೆ ಬರೋಣ. ಆಶ್ರಯತಾಣವೊಂದರಲ್ಲಿ ವಿಚಾರಿಸಿದೆವು. ಮರಿಯಾದರೆ ನೋಡಬಹುದು, ಹತ್ತು ವರ್ಷದ್ದನ್ನು ಯಾರು ಒಯ್ಯುತ್ತಾರೆ ಎಂದರು. ಕೊನೆಗೆ ಸಂಘದ ಪರಿಚಯದಿಂದ ಡೊಂಬಿವಲಿಯ ನಿವೃತ್ತ ದಂಪತಿಗಳಿಗೆ ಸುದ್ದಿ ಮುಟ್ಟಿತು. ಒಂದು ವಾರ ಇಟ್ಟುಕೊಂಡು ನೋಡಿ, ಒಗ್ಗದಿದ್ದರೆ ನಾವೇ ಬಂದು ಕರೆದೊಯ್ಯುತ್ತೇವೆಂದು ಮಾತು ಕೊಟ್ಟೆವು. ಅದರ ಹಳೆಯ ಗೋಣಿತಟ್ಟು, ಊಟದ ಬಟ್ಟಲು, ಲಸಿಕೆಯ ಚೀಟಿ ಎಲ್ಲವನ್ನೂ ಜೊತೆಗೆ ಒಯ್ದೆವು. ಎಂಟನೆಯ ದಿನ ಫೋನು ಮಾಡಿದಾಗ ಯಜಮಾನರು ಹೇಳಿದರು: "ಮರಿ ತಂದು ಸಾಕಿದರೆ ನಮ್ಮ ನಂತರ ಅದಕ್ಕೆ ಯಾರು ಗತಿ ರಾಯರೇ? ಇದಾದರೆ ನಮಗೂ ಅದಕ್ಕೂ ಒಂದೇ ನಡಿಗೆ. ಇರಲಿ ಬಿಡಿ."

ಎರಡೂವರೆ ವರ್ಷ ಅದು ಆ ಮನೆಯ ಬಾಗಿಲು ಕಾಯಿತು. ಅದಕ್ಕೆ ಕಲ್ಲು ನಿಲ್ಲಿಸುವವರಾಗಲಿ ಭೂಮಿ ಬಿಡುವವರಾಗಲಿ ಇರಲಿಲ್ಲ. ಆದರೆ ಅದಕ್ಕೆ ಇಡದೆ ಆ ಯಜಮಾನರು ಒಂದು ಹೊತ್ತೂ ಉಣ್ಣಲಿಲ್ಲವೆಂದು ಅವರ ಮನೆಯಾಕೆ ಹೇಳಿದಾಗ ನಮಗೆ ಆತಕೂರಿನ ಗೊರವನ ನೆನಪಾಯಿತು. ಮುಂದಿನ ಸಲ ರಜೆಯಲ್ಲಿ ಬೆಂಗಳೂರಿಗೆ ಹೋದಾಗ ಮಕ್ಕಳನ್ನು ಕರೆದುಕೊಂಡು ಆ ಕಲ್ಲನ್ನು ನೋಡಿ ಬನ್ನಿ. ಅದಕ್ಕೆ ಮುಂಚೆ, ನಿಮ್ಮ ಕಟ್ಟಡದಲ್ಲಿ ಯಾರಿಗಾದರೂ ವರ್ಗದ ಆರ್ಡರು ಬಂದಿದ್ದರೆ, ಅವರ ನಾಯಿಗೆ ಏನು ಏರ್ಪಾಡು ಮಾಡಿದ್ದಾರೆಂದು ಲಾರಿ ಬರುವ ಮೊದಲೇ ಒಂದು ಮಾತು ಕೇಳಿ.